ಬಾಗಿಲಲ್ಲಿ ನಿಲ್ಲಿಸಿ ಕೇಳುವವರು

ಒಂದು ಅರ್ಜಿ ನಮೂನೆಯಿಂದ ಶುರು ಮಾಡ್ತೀನಿ. ನಿಮ್ಮ ದೇಶದ ಹೆಸರೇನು? ಈ ಮೊದಲು ಯಾವ ಯಾವ ಹೆಸರಿನಲ್ಲಿ ಇದ್ದಿರಿ? ಸದ್ಯ ಬೇರೆ ಎಲ್ಲೆಲ್ಲಿ ಸದಸ್ಯರು? ಯಾವುದಾದರೂ ಸೈನ್ಯದಲ್ಲಿ ಸೇವೆ ಮಾಡಿದ್ದೀರಾ? ಎಲ್ಲಿಂದಾದರೂ ಗಡೀಪಾರಾಗಿದ್ದೀರಾ? ಕೊನೆಯಲ್ಲಿ ಒಂದು ಪ್ರಮಾಣವಚನ, ಅದರ ಕೆಳಗೆ ಹೆಸರು.

ಇದು ಅಮೆರಿಕದ ವೀಸಾ ಅರ್ಜಿ ಅಲ್ಲ ಸ್ವಾಮಿ, ಒಂದು ಆಟ! ಸುಮಾರು 2005ರಲ್ಲಿ, ಬೆಂಗಳೂರಿನ ಒಂದು ಆಫೀಸಿನಲ್ಲಿ ಮಧ್ಯಾಹ್ನದ ಡಬ್ಬಿ ಖಾಲಿ ಮಾಡಿ, ನಾನು ಮತ್ತು ಪಕ್ಕದ ಸೀಟಿನ ಗೆಳೆಯ ಇಬ್ಬರೂ ಒಂದೇ ದಿನ ಈ ಅರ್ಜಿ ತುಂಬಿದೆವು. ಮೂರನೇ ದಿನ ಉತ್ತರ ಬಂತು. ಇಬ್ಬರದೂ ತಿರಸ್ಕೃತ. ಕಾರಣ: "ನೀವಿಬ್ಬರೂ ಒಬ್ಬರೇ."

ಗೆಳೆಯ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಅದ್ವೈತವನ್ನು ಇಷ್ಟು ಸಲೀಸಾಗಿ ಯಾರೂ ನಮಗೆ ಬೋಧಿಸಿರಲಿಲ್ಲ :-)

ನಗು ಬಂದರೂ ಒಳಗೆ ಸ್ವಲ್ಪ ಚುಚ್ಚಿತ್ತು. ಒಂದು ಆಟಕ್ಕೆ ಇಷ್ಟೆಲ್ಲ ಪಹರೆ ಯಾಕೆ ಅಂತ ಆಮೇಲೆ ಕೆದಕುತ್ತಾ ಹೋದೆ. ಹಾಗೆ ಕೆದಕಿದ್ದರ ಕಥೆ ಇದು.

ಆಟದ ಹೆಸರು ನೇಷನ್‌ಸ್ಟೇಟ್ಸ್. ಮ್ಯಾಕ್ಸ್ ಬ್ಯಾರಿ ಅನ್ನುವ ಆಸ್ಟ್ರೇಲಿಯಾದ ಕಾದಂಬರಿಕಾರ ತನ್ನ 'ಜೆನ್ನಿಫರ್ ಗವರ್ನ್‌ಮೆಂಟ್' ಕಾದಂಬರಿಗೆ ಪ್ರಚಾರ ಸಿಗಲಿ ಅಂತ 2002ರ ನವೆಂಬರ್ 13ರಂದು ಇದನ್ನು ಇಂಟರ್ನೆಟ್ಟಿಗೆ ಬಿಟ್ಟ. ಕಾದಂಬರಿ ಬಂದದ್ದು 2003ರ ಜನವರಿಯಲ್ಲಿ. ಜನ ತಮ್ಮ ಕಂಪನಿಯ ಹೆಸರನ್ನೇ ಮನೆಹೆಸರಾಗಿ ಇಟ್ಟುಕೊಳ್ಳುವ ಲೋಕವೊಂದರ ಕಥೆ ಅದು. ಪುಸ್ತಕ ಓದಿದವರಿಗಿಂತ ಆಟ ಆಡಿದವರೇ ಹೆಚ್ಚಿರಬಹುದು ಅಂತ ನನ್ನ ಗುಮಾನಿ.

ನೀವು ಒಂದು ದೇಶ ಮಾಡಿಕೊಳ್ಳುತ್ತೀರಿ. ದಿನವೂ ಒಂದಷ್ಟು ಸಮಸ್ಯೆಗಳು ಮೇಜಿನ ಮೇಲೆ ಬಂದು ಬೀಳುತ್ತವೆ. ಮತದಾನ ಕಡ್ಡಾಯ ಮಾಡಬೇಕೇ, ಪತ್ರಿಕೆಗಳನ್ನು ಹದ್ದುಬಸ್ತಿನಲ್ಲಿ ಇಡಬೇಕೇ, ಇತ್ಯಾದಿ. ನೀವು ಹೇಗೆ ಉತ್ತರಿಸುತ್ತೀರೋ ಹಾಗೆ ನಿಮ್ಮ ದೇಶ ರೂಪ ಪಡೆಯುತ್ತದೆ. ಬ್ಯಾರಿ ಮಾಡಿದ್ದು ಇಷ್ಟೇ, ಒಂದು ತಮಾಷೆ. ಅದನ್ನು ರಾಜಕೀಯ ಮಾಡಿದವರು ಆಡಲು ಬಂದ ಜನ.

ಹೇಗೆ ಅಂತೀರಾ? ಪ್ರತಿ ದೇಶವೂ ಒಂದು ಪ್ರಾಂತ್ಯದೊಳಗೆ ಇರುತ್ತದೆ. ಆಟದಲ್ಲಿ ಒಂದು ವಿಶ್ವಸಂಸ್ಥೆಯೂ ಇತ್ತು. ("ಇತ್ತು" ಅಂದೆ ಯಾಕೆಂದರೆ 2008ರ ಜನವರಿಯಲ್ಲಿ ನಿಜವಾದ ವಿಶ್ವಸಂಸ್ಥೆಯಿಂದಲೇ ಬ್ಯಾರಿಗೆ ನೋಟಿಸ್ ಬಂತು, ನಮ್ಮ ಹೆಸರು-ಲಾಂಛನ ಬಳಸಬೇಡಿ ಅಂತ. ಏಪ್ರಿಲ್ 1ರಂದು ಅದು 'ವರ್ಲ್ಡ್ ಅಸೆಂಬ್ಲಿ' ಆಯಿತು. ತಾರೀಕು ನೋಡಿ ನಗಬೇಡಿ, ನಿಜ.) ಒಬ್ಬ ಮನುಷ್ಯ ಎಷ್ಟು ದೇಶ ಬೇಕಾದರೂ ಮಾಡಿಕೊಳ್ಳಬಹುದು, ಆದರೆ ಈ ಸಂಸ್ಥೆಯಲ್ಲಿ ಒಂದಕ್ಕೆ ಮಾತ್ರ ಸದಸ್ಯತ್ವ. ಹಾಗೆ ಸದಸ್ಯರಾದವರು ಪ್ರಾಂತ್ಯದೊಳಗೆ ಒಬ್ಬರಿಗೊಬ್ಬರು ಅನುಮೋದನೆ ಕೊಡಬಹುದು. ಯಾರಿಗೆ ಅತಿ ಹೆಚ್ಚು ಅನುಮೋದನೆಯೋ ಅವರು ಆ ಪ್ರಾಂತ್ಯದ ಡೆಲಿಗೇಟ್. ಡೆಲಿಗೇಟ್ ಕೈಯಲ್ಲಿ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಯಾವ ದೇಶವನ್ನಾದರೂ ಪ್ರಾಂತ್ಯದಿಂದ ಆಚೆ ಎಸೆದು, ಮತ್ತೆ ಬರದಂತೆ ಮಾಡಬಹುದು.

ಇಡೀ ಕಥೆಯ ಬೇರು ಆ ಗುಂಡಿಯಲ್ಲಿದೆ.

ಸಾಮಾನ್ಯ ಪ್ರಾಂತ್ಯಗಳಿಗೆ ಒಬ್ಬ ಸ್ಥಾಪಕ ಇರುತ್ತಿದ್ದ. ಅವನ ಅಧಿಕಾರಕ್ಕೆ ಮಿತಿಯಿಲ್ಲ, ಅವನನ್ನು ಯಾರೂ ತೆಗೆಯಲಾರರು. ಅವನು ಇರುವ ತನಕ ಭಯವಿಲ್ಲ. ಆದರೆ ಹೊಸ ದೇಶಗಳು ಆಗ ಹುಟ್ಟುತ್ತಿದ್ದದ್ದು ಪೆಸಿಫಿಕ್ ಅನ್ನುವ ಹೆಸರಿನ ಐದು ಪ್ರಾಂತ್ಯಗಳಲ್ಲಿ. ಬರೀ ಪೆಸಿಫಿಕ್ ಒಂದು, ಮತ್ತೆ ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ಅವಕ್ಕೆ ಸ್ಥಾಪಕರೇ ಇಲ್ಲ. ಅಂದರೆ ಸಾವಿರಾರು ದೇಶಗಳಿರುವ ಊರು, ಹೆಬ್ಬಾಗಿಲು ಸದಾ ತೆರೆದಿದೆ, ಬೀಗದ ಕೈ ಹೆಚ್ಚು ಅನುಮೋದನೆ ಸಿಕ್ಕವರ ಪಾಲು.

2003ರಲ್ಲಿ ಪೆಸಿಫಿಕ್‌ನಲ್ಲಿ ಆದದ್ದು ಅದೇ. ಫ್ರಾಂಕೋಸ್ ಸ್ಪೇನ್ ಅನ್ನುವ ದೇಶ ಡೆಲಿಗೇಟ್ ಪಟ್ಟಕ್ಕೆ ಬಂದು, ವಿರೋಧಿಸಿದವರನ್ನು ಸಾಲಾಗಿ ಆಚೆ ಹಾಕಿ, 'ನ್ಯೂ ಪೆಸಿಫಿಕ್ ಆರ್ಡರ್' ಅನ್ನುವ ಆಡಳಿತ ಸ್ಥಾಪಿಸಿತು. ಎಲ್ಲರೂ ಆಟದ ಮೇಲ್ವಿಚಾರಕರ ಕಡೆ ನೋಡಿದರು. ಅವರು ಹೇಳಿದ್ದರ ತಾತ್ಪರ್ಯ ಇಷ್ಟು: ಯಾವ ನಿಯಮವೂ ಮುರಿದಿಲ್ಲ, ಗುಂಡಿ ಇರುವುದೇ ಒತ್ತುವುದಕ್ಕೆ. ಆ ಪ್ರಾಂತ್ಯಗಳ ಜನ ಆಟದ ಹೊರಗೆ ಕೂತು ಸಂವಿಧಾನ ಬರೆದುಕೊಂಡಿದ್ದರು, ಚುನಾವಣೆ ನಡೆಸುತ್ತಿದ್ದರು, ನ್ಯಾಯಾಧೀಶರನ್ನೂ ನೇಮಿಸಿಕೊಂಡಿದ್ದರು. ಆ ಸಂವಿಧಾನ ಆಟದ ಕಣ್ಣಿಗೆ ಕಾಣುವುದೇ ಇಲ್ಲ. ಚುನಾವಣೆಯಲ್ಲಿ ಸೋತವನು ಕುರ್ಚಿ ಬಿಡದೆ ಕೂತರೆ ಇಳಿಸುವ ಪೊಲೀಸರೂ ಇಲ್ಲ. ಅವನಾಗಿಯೇ ಇಳಿಯಬೇಕು, ಇಲ್ಲವೇ ಜನ ಒಬ್ಬೊಬ್ಬರಾಗಿ ಅನುಮೋದನೆ ಹಿಂತೆಗೆಯಬೇಕು. ಹಾಗೆ ಹಿಂತೆಗೆಯಲು ಹೊರಟವರನ್ನು ಅವನು ಅಷ್ಟರೊಳಗೆ ಎಸೆದಿರುತ್ತಾನೆ!

ಇನ್ನೊಂದು ಕಡೆ ದಾಳಿಕೋರರು. ದಿನಕ್ಕೆ ಎರಡು ಸಲ ನಿಗದಿತ ಹೊತ್ತಿಗೆ ಆಟ ಅನುಮೋದನೆಗಳನ್ನು ಎಣಿಸಿ ಡೆಲಿಗೇಟ್ ಯಾರು ಅಂತ ತೀರ್ಮಾನಿಸುತ್ತದೆ. ದಾಳಿಯ ಗುಂಪು ಆ ಹೊತ್ತಿಗೆ ಸರಿಯಾಗಿ, ಕೊನೇ ಕ್ಷಣದಲ್ಲಿ, ಸ್ಥಾಪಕನಿಲ್ಲದ ಸಣ್ಣ ಪ್ರಾಂತ್ಯವೊಂದಕ್ಕೆ ನುಗ್ಗಿ ತಮ್ಮವನಿಗೆ ಅನುಮೋದನೆ ಸುರಿದುಬಿಡುತ್ತದೆ. ಅದನ್ನು ತಡೆಯಲು ರಕ್ಷಕರ ಗುಂಪುಗಳು ಹುಟ್ಟಿಕೊಂಡವು. ಎರಡೂ ಕಡೆಯವರಿಗೆ ಎದುರು ಪಾಳೆಯದ ಗುಟ್ಟು ಬೇಕು, ಇವತ್ತು ರಾತ್ರಿ ಯಾವ ಊರಿಗೆ ಅಂತ. ಗುಟ್ಟು ಬೇಕೆಂದರೆ ಗೂಢಚಾರ ಬೇಕು. ಗೂಢಚಾರ ಒಳಗೆ ಬರುವುದು ಹೊಸ ಸದಸ್ಯನ ವೇಷದಲ್ಲೇ ತಾನೇ?

ಅಲ್ಲಿಂದ ಶುರುವಾಯಿತು ಬಾಗಿಲಲ್ಲಿ ನಿಲ್ಲಿಸಿ ಕೇಳುವ ಪದ್ಧತಿ.

ಮೊದಲ ಜರಡಿ ಐಪಿ ವಿಳಾಸ. ಹೊರಗಿನ ಚರ್ಚಾಕಟ್ಟೆಗಳನ್ನು ಇನ್ವಿಷನ್‌ಫ್ರೀಯಂಥ ಪುಕ್ಕಟೆ ಜಾಗದಲ್ಲಿ ನಡೆಸುತ್ತಿದ್ದರು. ನಿರ್ವಾಹಕನಿಗೆ ಪ್ರತಿ ಸದಸ್ಯ ಯಾವ ಐಪಿಯಿಂದ ಬಂದ ಅಂತ ಕಾಣುತ್ತಿತ್ತು. ಇಬ್ಬರದು ಒಂದೇ ಇದ್ದರೆ ಇಬ್ಬರೂ ಒಬ್ಬನೇ ಅನ್ನುವ ಅನುಮಾನ. ಪ್ರಾಕ್ಸಿ ಮೂಲಕ ಬಂದರೆ ಏನೋ ಮುಚ್ಚಿಡುತ್ತಿದ್ದಾನೆ ಅನ್ನುವ ಅನುಮಾನ. ಮನೆಮನೆಗೂ ಬೇರೆ ಬೇರೆ ಕನೆಕ್ಷನ್ ಇರುವ ದೇಶದವರು ಮಾಡಿಕೊಂಡ ಲೆಕ್ಕಾಚಾರ ಇದು. ಅವರ ಪಾಲಿಗೆ ಒಂದು ಐಪಿ ಅಂದರೆ ಒಂದು ಮನೆ. ನಮ್ಮಲ್ಲಿ? ಆಗ ಒಂದು ಐಪಿ ಅಂದರೆ ಒಂದು ಇಡೀ ಆಫೀಸು, ಒಂದು ಕಾಲೇಜ್ ಹಾಸ್ಟೆಲ್ಲು, ಇಲ್ಲಾ ಗಂಟೆಗೆ ಹದಿನೈದಿಪ್ಪತ್ತು ರೂಪಾಯಿ ಕೊಟ್ಟು ಕೂರುವ ಸೈಬರ್ ಕೆಫೆ. ನಮ್ಮ ಆಫೀಸಿನಲ್ಲಿ ನೂರಾರು ಜನ, ಎಲ್ಲರೂ ಹೊರಗೆ ಹೋಗುತ್ತಿದ್ದದ್ದು ಒಂದೇ ಪ್ರಾಕ್ಸಿ ಸರ್ವರಿನಿಂದ. ಹಾಗಾಗಿ ನಾವು ಎರಡೂ ಅಪರಾಧ ಒಟ್ಟಿಗೇ ಮಾಡಿದ್ದೆವು.

ಎರಡನೆಯ ಜರಡಿ ಇದಕ್ಕಿಂತ ಜಾಣತನದ್ದು. ನಿಮ್ಮ ಆ ಒಂದೇ ಒಂದು ವಿಶ್ವಸಂಸ್ಥೆ ಸದಸ್ಯತ್ವವನ್ನು ನಮ್ಮ ಪ್ರಾಂತ್ಯದಲ್ಲೇ ತಂದಿಡಿ ಅನ್ನುವುದು. ಒಬ್ಬರಿಗೆ ಒಂದೇ ಅನ್ನುವ ನಿಯಮವನ್ನು ಆಟದ ಮೇಲ್ವಿಚಾರಕರೇ ಕಾಯುತ್ತಿದ್ದರು, ಎರಡಿಟ್ಟುಕೊಂಡು ಸಿಕ್ಕಿಬಿದ್ದರೆ ಸಂಸ್ಥೆಯಿಂದಲೇ ಆಚೆ. ಹಾಗಾಗಿ ಅದೊಂದು ರೇಷನ್ ಕಾರ್ಡಿನ ಥರ ಆಯಿತು. ಐಪಿ ಏನೇ ಹೇಳಲಿ, ಕಾರ್ಡು ಇಲ್ಲಿದ್ದರೆ ಬೇರೆಲ್ಲೂ ಇರಲಾರದು. ಆದರೆ ಇದರಲ್ಲೂ ಒಂದು ತೊಡಕು. ರಾತ್ರಿ ದಾಳಿಗೋ ರಕ್ಷಣೆಗೋ ಹೋಗುವ ಸೈನಿಕರು ತಮ್ಮ ಕಾರ್ಡನ್ನು ಹೊತ್ತುಕೊಂಡೇ ಹೋಗಬೇಕಲ್ಲ, ಇಲ್ಲದಿದ್ದರೆ ಅವರ ಅನುಮೋದನೆಗೆ ಬೆಲೆ ಇಲ್ಲ. ಅವರಿಗೆ ವಿನಾಯಿತಿ ಕೊಡಬೇಕಾಯಿತು. ವಿನಾಯಿತಿ ಅಂದಮೇಲೆ ಅದರ ಸಂದಿಯಲ್ಲಿ ಯಾರು ಬೇಕಾದರೂ ನುಸುಳಬಹುದು, ಬಿಡಿ.

ಮೂರನೆಯದು ನಾನು ಮೊದಲಿಗೆ ಹೇಳಿದ ಅರ್ಜಿ. ಹಳೆಯ ಹೆಸರುಗಳನ್ನೆಲ್ಲ ಬರೆಯಿರಿ ಅನ್ನುವುದು. ಗೂಢಚಾರ ನಿಜ ಬರೆಯುತ್ತಾನೆಯೇ ಅಂತ ನಗಬಹುದು. ಆದರೆ ಅದರ ಉಪಯೋಗ ಬೇರೆಯೇ ಇತ್ತು. ಮುಂದೆ ಸಿಕ್ಕಿಬಿದ್ದಾಗ "ಇವನು ಸುಳ್ಳು ಬರೆದಿದ್ದ" ಅನ್ನುವುದೊಂದೇ ಸಾಕು, ಬೇರೆ ಆರೋಪ ಸಾಬೀತು ಮಾಡಬೇಕಾಗಿಲ್ಲ. ವೀಸಾ ಅರ್ಜಿಗಳಲ್ಲಿ "ನೀವು ಭಯೋತ್ಪಾದಕರೇ?" ಅಂತ ಕೇಳುವುದೂ ಇಂಥದ್ದೇ ಜಾಣತನ ಅಂತ ನನಗೆ ಹೊಳೆದದ್ದು ಈ ಆಟದಿಂದ.

2006ರಲ್ಲಿ ಬ್ಯಾರಿ ಒಂದು ಬದಲಾವಣೆ ತಂದ. ಒಂದು ದೇಶ ಪ್ರಾಂತ್ಯದಲ್ಲಿ ಹೆಚ್ಚು ದಿನ ಇದ್ದಷ್ಟೂ, ಹೆಚ್ಚು ಅನುಮೋದನೆ ಪಡೆದಷ್ಟೂ ಅದಕ್ಕೆ 'ಪ್ರಭಾವ' ಕೂಡಿಕೊಳ್ಳುತ್ತದೆ. ಡೆಲಿಗೇಟ್ ಯಾರನ್ನಾದರೂ ಎಸೆಯಬೇಕಾದರೆ ತನ್ನ ಪ್ರಭಾವದಿಂದ ಬೆಲೆ ತೆರಬೇಕು, ಹಳಬರನ್ನು ಎಸೆಯಲು ದುಬಾರಿ ಬೆಲೆ. ಇದಾದ ಮೇಲೆ ನಿನ್ನೆ ಬಂದವನೊಬ್ಬ ಇವತ್ತು ಊರು ಖಾಲಿ ಮಾಡಿಸುವುದು ಕಷ್ಟವಾಯಿತು. ದೊಡ್ಡ ಪ್ರಾಂತ್ಯಗಳು ನಂಬಿಕಸ್ಥ ಹಳಬರ ಒಂದು ಕಾವಲು ಮಂಡಳಿ ಕಟ್ಟಿಕೊಂಡವು, ಅವರ ಬಳಿ ಪ್ರಭಾವ ಶೇಖರಿಸಿಟ್ಟವು. ಉಳಿದವರು ಇಷ್ಟಕ್ಕಿಂತ ಹೆಚ್ಚು ಅನುಮೋದನೆ ಸಂಗ್ರಹಿಸಬಾರದು ಅಂತ ಮಿತಿ ಹಾಕಿದವು. (2023ರಲ್ಲಿ ಸ್ಥಾಪಕರ ನಿಯಮವೂ ಬದಲಾಯಿತು. ಈಗ ಗವರ್ನರ್, ಅವರಿಗೆ ಉತ್ತರಾಧಿಕಾರಿ ಎಲ್ಲ ಉಂಟು. ಆ ಕಥೆ ಇಲ್ಲಿ ಬೇಡ.)

ತಮಾಷೆ ನೋಡಿ, ಹೊಸಬನಿಂದ ಆಗುವ ಅಪಾಯ ಕಡಿಮೆಯಾದ ಮೇಲೂ ಹೊಸಬನ ತಪಾಸಣೆ ಕಡಿಮೆಯಾಗಲಿಲ್ಲ! ಗುಂಡಿಯ ಹತ್ತಿರ ಹೋಗಬಲ್ಲವರು ಈಗ ಹಳಬರು ಮಾತ್ರ. ಅಂದಮೇಲೆ ದಂಗೆ ಏಳಬಲ್ಲವರೂ ಅವರೇ. ಆದರೆ ಹಳಬನನ್ನು ನಿಲ್ಲಿಸಿ "ನೀನು ಯಾರು?" ಅಂತ ಕೇಳಲು ಯಾರಿಗೂ ಮನಸ್ಸು ಬರುವುದಿಲ್ಲ. ಅವನ ಜೊತೆ ಐದು ವರ್ಷ ಹರಟೆ ಹೊಡೆದಿರುತ್ತೇವೆ, ಅವನ ಮಗುವಿನ ಹೆಸರು ಗೊತ್ತಿರುತ್ತದೆ.

ಈ ವಿಚಾರದಲ್ಲಿ ಉತ್ತರ ಪೆಸಿಫಿಕ್‌ನವರು ಮಾಡಿಕೊಂಡ ಏರ್ಪಾಡು ನನಗೆ ತುಂಬಾ ಹಿಡಿಸಿತು. ಅವರು ತಪಾಸಣೆಯನ್ನು ಹಂಚಿದರು. ಪ್ರಾಕ್ಸಿ ಇದೆಯೇ, ಶಿಕ್ಷೆ ತಪ್ಪಿಸಿಕೊಂಡು ವೇಷ ಬದಲಿಸಿ ಬಂದವನೇ ಅಂತ ನೋಡುವುದು ನಿರ್ವಾಹಕರ ಕೆಲಸ. ಇವನಿಂದ ಪ್ರಾಂತ್ಯಕ್ಕೆ ಅಪಾಯ ಇದೆಯೇ ಅಂತ ತೂಗುವುದು ಉಪ ಡೆಲಿಗೇಟ್ ಕೆಲಸ. ಉಪ ಡೆಲಿಗೇಟ್ ಬೇಡ ಅಂದರೂ ಅದೇ ಕೊನೆಯಲ್ಲ. ವಿಷಯ ನಾಗರಿಕರ ಸಭೆಗೆ ಹೋಗಿ ಅಲ್ಲಿ ಮತಕ್ಕೆ ಬೀಳುತ್ತದೆ, ಎತ್ತಿ ಹಿಡಿಯುವುದೋ ತಳ್ಳಿಹಾಕುವುದೋ ಅಂತ. ಒಬ್ಬನ ಅನುಮಾನಕ್ಕೆ ಹತ್ತು ಜನರ ಮುಂದೆ ಬಾಯಿಬಿಡಬೇಕಾದ ಕಷ್ಟ ಒಡ್ಡಿದರಲ್ಲ, ಅದು ದೊಡ್ಡದು. ಹಾಗಂತ ಇದೂ ಪೂರ್ತಿ ಬಗೆಹರಿದದ್ದಲ್ಲ. ಐಪಿಯಂಥ ಖಾಸಗಿ ವಿವರವನ್ನು ಸಭೆಯ ಮುಂದೆ ಇಡುವಂತಿಲ್ಲ, ಗುಪ್ತ ಮೂಲದಿಂದ ಬಂದ ಮಾಹಿತಿಯನ್ನು ಬಾಯಿಬಿಟ್ಟರೆ ಮೂಲವೇ ಸತ್ತುಹೋಗುತ್ತದೆ. ಕಾಣದ ಸಾಕ್ಷಿಯ ಮೇಲೆ ಮತ ಹಾಕುವುದು ಹೇಗೆ? ಭದ್ರತೆಯ ಕಾರಣ ಹೇಳಿ ಮುಚ್ಚಿದ ಲಕೋಟೆ ಒಪ್ಪಿಸುವುದು ನಮ್ಮ ಕೋರ್ಟುಗಳಲ್ಲೂ ಕಂಡದ್ದೇ. ಆಟದವರು ನಮಗಿಂತ ಕೆಟ್ಟದಾಗಿಯೇನೂ ಮಾಡಿಲ್ಲ.

ಇದೇ ರೋಗ ಬೇರೆ ಆಟಗಳಲ್ಲೂ ಇತ್ತು. 2006ರಲ್ಲಿ ಬಂದ ಸೈಬರ್ ನೇಷನ್ಸ್‌ನಲ್ಲಿ ಮೈತ್ರಿಕೂಟ ಸೇರಬೇಕಾದರೆ ಹಿಂದಿನ ಕೂಟ ಯಾವುದು, ಯಾಕೆ ಬಿಟ್ಟಿರಿ, ಯಾರ ಜೊತೆಗಾದರೂ ಯುದ್ಧದಲ್ಲಿದ್ದೀರಾ ಅಂತ ಕೇಳುತ್ತಿದ್ದರು. ಅಲ್ಲಿ ವರ್ಷಗಟ್ಟಲೆ ಮೆರೆದ ಒಂದು ಕೂಟದ ಹೆಸರೂ ನ್ಯೂ ಪೆಸಿಫಿಕ್ ಆರ್ಡರ್ರೇ! ನೇಷನ್‌ಸ್ಟೇಟ್ಸ್‌ನ ಅದೇ ಬಳಗ ಅಲ್ಲಿಗೂ ಹೋಗಿ ಮನೆ ಕಟ್ಟಿತ್ತು.

ಆದರೆ ತಪಾಸಣೆಗೆ ನಿಜವಾದ ಪರೀಕ್ಷೆ ಆದದ್ದು ಈವ್ ಆನ್‌ಲೈನ್‌ನಲ್ಲಿ. ಐಸ್‌ಲ್ಯಾಂಡಿನ ಸಿಸಿಪಿ ಕಂಪನಿ 2003ರಲ್ಲಿ ತಂದ ಬಾಹ್ಯಾಕಾಶದ ಆಟ ಅದು. 2005ರಲ್ಲಿ ಗೈಡಿಂಗ್ ಹ್ಯಾಂಡ್ ಸೋಷಿಯಲ್ ಕ್ಲಬ್ ಅನ್ನುವ ಬಾಡಿಗೆ ಹಂತಕರ ತಂಡ ಉಬಿಕ್ವಾ ಸೆರಾಫ್ ಅನ್ನುವ ಸಂಸ್ಥೆಯೊಳಗೆ ತನ್ನ ಜನರನ್ನು ಸೇರಿಸಿತು. ಅವರು ಸುಮಾರು ಒಂದು ವರ್ಷ ಅಲ್ಲಿ ಪ್ರಾಮಾಣಿಕವಾಗಿ ದುಡಿದರು, ಬಡ್ತಿ ಪಡೆದರು, ಬೀಗದ ಕೈ ಪಡೆದರು. ಒಂದು ದಿನ ಸಂಕೇತ ಬಂತು. ಮುಖ್ಯಸ್ಥೆಯ ಹಡಗನ್ನು ಹೊಡೆದು, ಉಗ್ರಾಣಗಳನ್ನೆಲ್ಲ ಒಟ್ಟಿಗೆ ಬಾಚಿದರು. ನಷ್ಟವನ್ನು ಸುಮಾರು 16,500 ಡಾಲರ್ ಅಂತ ಆಗ ಲೆಕ್ಕ ಹಾಕಿದ್ದರು. ಬಾಗಿಲಲ್ಲಿ ಅವರನ್ನು ಯಾವ ಪ್ರಶ್ನೆ ಕೇಳಿದ್ದರೂ ತಡೆಯಲು ಆಗುತ್ತಿರಲಿಲ್ಲ ಅಂತ ನನ್ನ ಅಭಿಪ್ರಾಯ. ಒಂದು ವರ್ಷ ಒಳ್ಳೆಯವನ ಪಾತ್ರ ಮಾಡಬಲ್ಲವನಿಗೆ ಒಂದು ಅರ್ಜಿ ಯಾವ ಲೆಕ್ಕ?

ಈವ್‌ನಲ್ಲಿ ಇದಾದ ಮೇಲೆ ತಪಾಸಣೆ ಇನ್ನೂ ಬಿಗಿಯಾಯಿತು. ಆಟಗಾರನ ಖಾತೆಯ ಒಳಗನ್ನು ಹೊರಗಿನ ತಂತ್ರಾಂಶಕ್ಕೆ ತೋರಿಸುವ ಎಪಿಐ ಕೀ ಅಂತ ಒಂದಿತ್ತು. ಸೇರಬೇಕಾದರೆ ಆ ಕೀ ಕೊಡಿ ಅನ್ನತೊಡಗಿದರು. ಅದರಲ್ಲಿ ನಿಮ್ಮ ಹಣದ ಲೆಕ್ಕ, ನಿಮ್ಮ ಪತ್ರಗಳು, ಯಾರಿಂದ ದುಡ್ಡು ಬಂತು, ಯಾರಿಗೆ ಹೋಯಿತು ಎಲ್ಲ ಕಾಣಬಹುದು. ಮನೆಗೆ ಬಂದ ಬಾಡಿಗೆದಾರನ ಬ್ಯಾಂಕ್ ಪಾಸ್‌ಬುಕ್ಕು, ಟಪಾಲು ಎರಡನ್ನೂ ತೆರೆದು ನೋಡಿದ ಹಾಗೆ. ಗೂಢಚಾರರು ಸುಮ್ಮನಿದ್ದಾರೆಯೇ? ಬೇರೊಂದು ಸ್ವಚ್ಛ ಖಾತೆ ತೆರೆದು ಅದರ ಕೀ ಕೊಟ್ಟರು. ಬೆತ್ತಲಾದವರು ನಿಯತ್ತಿನವರು ಮಾತ್ರ.

2009ರ ಫೆಬ್ರವರಿಯಲ್ಲಿ ಬ್ಯಾಂಡ್ ಆಫ್ ಬ್ರದರ್ಸ್ ಅನ್ನುವ, ಆ ಆಟದ ಅತಿ ಬಲಾಢ್ಯ ಕೂಟವೊಂದು ಒಂದೇ ರಾತ್ರಿಯಲ್ಲಿ ಇಲ್ಲವಾಯಿತು. ಅದರ ನಿರ್ದೇಶಕರಲ್ಲೊಬ್ಬ ಬೇಸತ್ತು ಎದುರಾಳಿ ಗೂನ್‌ಸ್ವಾರ್ಮ್ ಕಡೆ ಬಂದಿದ್ದ. ಬರುವಾಗ ಕೂಟವನ್ನೇ ವಿಸರ್ಜಿಸುವ ಗುಂಡಿ ಅವನ ಕೈಯಲ್ಲಿತ್ತು. ಒತ್ತಿದರು, ಅಷ್ಟೇ. ಅವನು ಹೊರಗಿನಿಂದ ನುಸುಳಿದ ಗೂಢಚಾರನಲ್ಲ, ಮನೆಯವನೇ.

ಇಂಥ ಆಟಗಳನ್ನು ಕೆಲಸವಿಲ್ಲದ ಹುಡುಗರ ಹುಚ್ಚು ಅನ್ನುವವರಿಗೆ ನಾನು ಒಬ್ಬರ ಹೆಸರು ಹೇಳುತ್ತೇನೆ. ಗೂನ್‌ಸ್ವಾರ್ಮ್‌ನ ರಾಜತಾಂತ್ರಿಕನಾಗಿದ್ದ 'ವೈಲ್ ರ್‍ಯಾಟ್'. ಅವರ ನಿಜ ಹೆಸರು ಶಾನ್ ಸ್ಮಿತ್, ಅಮೆರಿಕದ ವಿದೇಶಾಂಗ ಇಲಾಖೆಯ ಮಾಹಿತಿ ವಿಭಾಗದ ಅಧಿಕಾರಿ. 2012ರ ಸೆಪ್ಟೆಂಬರ್ 11ರ ರಾತ್ರಿ ಲಿಬಿಯಾದ ಬೆಂಗಾಜಿಯಲ್ಲಿ ದಾಳಿಯಾದಾಗ ಸತ್ತವರಲ್ಲಿ ಅವರೂ ಒಬ್ಬರು. ಅವರಿಗಾಗಿ ಅತ್ತವರಲ್ಲಿ ಎಷ್ಟೋ ಜನ ಅವರ ಮುಖವನ್ನೇ ನೋಡಿರಲಿಲ್ಲ. ಅವರ ಶತ್ರುಪಾಳೆಯದವರೂ ಅತ್ತರು.

ಇದನ್ನೆಲ್ಲ ಓದುವಾಗ ನನಗೆ ಪದೇ ಪದೇ ನೆನಪಾದದ್ದು ನಮ್ಮ ಮೈಸೂರು. 1905ರಲ್ಲಿ ಅಲ್ಲಿನ ಓರಿಯಂಟಲ್ ಲೈಬ್ರರಿಗೆ ಬಂದ ಓಲೆಗರಿಯ ಕಟ್ಟಿನಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದ ಕಥೆ ನಿಮಗೆಲ್ಲ ಗೊತ್ತೇ ಇದೆ. ಅದರಲ್ಲಿ ಅಮಾತ್ಯರನ್ನು ಪರೀಕ್ಷಿಸುವ ನಾಲ್ಕು ಗುಪ್ತ ವಿಧಾನಗಳಿವೆ: ಧರ್ಮ, ಅರ್ಥ, ಕಾಮ, ಭಯ. ರಾಜನ ಕಡೆಯವನೇ ಹೋಗಿ "ಬಾ, ರಾಜನನ್ನು ಇಳಿಸೋಣ" ಅಂತ ಆಮಿಷ ಒಡ್ಡಬೇಕು. ಯಾವುದರಲ್ಲಿ ಗೆದ್ದನೋ ಅದಕ್ಕೆ ತಕ್ಕ ಕೆಲಸ. ಹಣದ ಪರೀಕ್ಷೆ ಗೆದ್ದವನು ಖಜಾನೆಗೆ. ನಾಲ್ಕರಲ್ಲೂ ಗೆದ್ದವನು ಮಂತ್ರಿ. ನಾಲ್ಕರಲ್ಲೂ ಸೋತವನನ್ನೂ ಕೌಟಿಲ್ಯ ಓಡಿಸುವುದಿಲ್ಲ, ಗಣಿಗೋ ಕಾಡಿಗೋ ಆನೆಗಳ ಹತ್ತಿರವೋ ಕಳಿಸುತ್ತಾನೆ! ಕೊನೆಗೆ ಅವನೇ ಒಂದು ಎಚ್ಚರಿಕೆಯನ್ನೂ ಹೇಳುತ್ತಾನೆ, ಒಳ್ಳೆಯವನನ್ನು ಪರೀಕ್ಷೆಯ ನೆಪದಲ್ಲಿ ಕೆಡಿಸಬೇಡ, ಕೆಟ್ಟ ಮನಸ್ಸಿಗೆ ಆಮೇಲೆ ಮದ್ದು ಸಿಗದೆ ಹೋಗಬಹುದು ಅಂತ. ನನಗೆ ಇದರಲ್ಲಿ ಮುಖ್ಯ ಅನ್ನಿಸಿದ್ದು ಅವನು ಪರೀಕ್ಷೆಯನ್ನು ಎಲ್ಲಿಟ್ಟ ಅನ್ನುವುದು. ಊರಬಾಗಿಲಿನಲ್ಲಿ ಅಲ್ಲ, ಅಧಿಕಾರ ಕೊಡುವ ಮೆಟ್ಟಿಲಿನಲ್ಲಿ.

ಇನ್ನು ನಮ್ಮ ಕಥೆ. ನಾವಿಬ್ಬರೂ ಬೇರೆ ಬೇರೆ ಅಂತ ಸಾಬೀತು ಮಾಡಲು ಏನೇನೋ ಸರ್ಕಸ್ ಮಾಡಿದೆವು. ಒಂದೇ ಹೊತ್ತಿಗೆ ಇಬ್ಬರೂ ಬಂದು ಮಾತಾಡಿದೆವು. ಎರಡು ಬ್ರೌಸರ್ ತೆರೆದರೆ ಯಾರು ಬೇಕಾದರೂ ಮಾಡಬಹುದು ಅಂದರು. ನಿಜವೇ. ದೀಪಾವಳಿಗೆ ಊರಿಗೆ ಹೋದ ಗೆಳೆಯ ಶಿರಸಿಯ ಕೆಫೆಯೊಂದರಲ್ಲಿ ಕೂತು ಲಾಗಿನ್ ಆದ, ಐಪಿ ಬೇರೆ ಕಾಣಲಿ ಅಂತ. ಐಪಿ ಬದಲಿಸುತ್ತಿದ್ದಾನೆ, ಅನುಮಾನ ಗಟ್ಟಿಯಾಯಿತು ಅಂತ ಉತ್ತರ ಬಂತು. ಅವನು ನಕ್ಕು, ಬೈದು, ಆಟ ಬಿಟ್ಟ. ನಾನು ಬಿಡಲಿಲ್ಲ. ಅವನು ಹೋದ ಮೇಲೆ ಒಂದೇ ಹೆಸರು ಉಳಿದದ್ದರಿಂದ ಕೆಲವು ತಿಂಗಳಲ್ಲಿ ನನ್ನನ್ನು ಒಳಗೆ ಬಿಟ್ಟರು.

ಎರಡು ವರ್ಷ ಕಳೆಯಿತು. ಹಳಬನಾದೆ. ಹಳಬನಾದ ಮೇಲೆ ನನ್ನನ್ನೂ ಅರ್ಜಿ ನೋಡುವ ಕೆಲಸಕ್ಕೆ ಹಾಕಿದರು. ಆಗ ಪ್ರಾಂತ್ಯದಲ್ಲಿ ಒಂದು ದಂಗೆ ಅಡಗಿ ಕೆಲವೇ ವಾರ ಆಗಿತ್ತು, ಎಲ್ಲರಿಗೂ ಎಲ್ಲರ ಮೇಲೂ ಅನುಮಾನ. ಅದೇ ವಾರ ಎರಡು ಅರ್ಜಿ ಬಂದವು, ಐಪಿ ಒಂದೇ. ಒಬ್ಬ ಬರೆದಿದ್ದ: ನಾನು ಮತ್ತು ನನ್ನ ತಮ್ಮ, ಮನೆಯಲ್ಲಿ ಒಂದೇ ಕಂಪ್ಯೂಟರ್, ಸರದಿಯ ಮೇಲೆ ಕೂರುತ್ತೇವೆ.

ನಾನು ಆ ಎರಡೂ ಅರ್ಜಿಗಳ ಮೇಲೆ "ಬೇಡ" ಅಂತ ಬರೆದೆ. ಯಾರೂ ನನ್ನನ್ನು ಯಾಕೆ ಅಂತ ಕೇಳಲಿಲ್ಲ, ಕೇಳುವ ಸಭೆ ನಮ್ಮಲ್ಲಿ ಇರಲಿಲ್ಲ.

ಆಟದಲ್ಲಿ 28 ದಿನ ಯಾರೂ ಲಾಗಿನ್ ಆಗದಿದ್ದರೆ ದೇಶ ತಾನಾಗಿ ಅಳಿದುಹೋಗುತ್ತದೆ. ಒಂದು ತಿಂಗಳಾದ ಮೇಲೆ ಸುಮ್ಮನೆ ಹುಡುಕಿ ನೋಡಿದೆ. ಅಣ್ಣನ ದೇಶವೂ ಇರಲಿಲ್ಲ, ತಮ್ಮನದೂ ಇರಲಿಲ್ಲ.